ಬಿದ್ದದ್ದನ್ನು ಕೊಳ್ಳುವವರು, ಬೀಳಲಿ ಎಂದು ಮಾರುವವರು

2018ರ ಆಗಸ್ಟ್‌ನಲ್ಲಿ ಯೆಸ್ ಬ್ಯಾಂಕ್ ಷೇರು 400 ರೂಪಾಯಿ ಮುಟ್ಟಿತ್ತು. ಅದು 200ಕ್ಕೆ ಇಳಿದಾಗ ತುಂಬಾ ಜನ ಕೊಂಡರು. ಅರ್ಧ ಬೆಲೆಗೆ ಸಿಗುವಾಗ ಬಿಡೋದುಂಟಾ? 100ಕ್ಕೆ ಬಂದಾಗ ಇನ್ನಷ್ಟು ಕೊಂಡರು. 50ಕ್ಕೆ ಬಂದಾಗ ಕೊಂಡ ಬೆಲೆಯ ಸರಾಸರಿ ಇಳಿಸೋಣ ಎಂದು ಮತ್ತಷ್ಟು. 2020ರ ಮಾರ್ಚ್ 5ರ ಸಂಜೆ ರಿಸರ್ವ್ ಬ್ಯಾಂಕ್ ಆ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿತು. ಗ್ರಾಹಕರು 50 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ಮರುದಿನ ಷೇರು ಒಂದು ಹಂತದಲ್ಲಿ ಐದೂವರೆ ರೂಪಾಯಿಗೆ ಬಿತ್ತು.

ಇಲ್ಲಿಗೆ ಕಥೆ ನಿಂತಿದ್ದರೆ ಲೆಕ್ಕ ಸುಲಭ ಇತ್ತು. ಬೀಳುವುದನ್ನು ಕೊಳ್ಳಬೇಡಿ, ಅದರ ಬದಲು ಬೀಳಲಿ ಎಂದು ಮಾರಿ ಅನ್ನಬಹುದಿತ್ತು. ಕೈಯಲ್ಲಿಲ್ಲದ ಷೇರನ್ನು ಮೊದಲು ಮಾರಿ, ಬೆಲೆ ಇಳಿದ ಮೇಲೆ ಕೊಂಡು ಲೆಕ್ಕ ಮುಗಿಸುವ ಆಟ ಅದು. ಕೆಲವರು ಹಾಗೇ ಮಾಡಿದರು ಕೂಡ. ಬ್ಯಾಂಕ್ ಮುಳುಗಿತು, ಷೇರು ಸೊನ್ನೆಗೆ ಹೋಗುತ್ತದೆ ಎಂದು ಮಾರಿ ಕೂತರು. ಅಷ್ಟರಲ್ಲಿ ಸ್ಟೇಟ್ ಬ್ಯಾಂಕ್ ಮತ್ತಿತರ ಬ್ಯಾಂಕುಗಳು ಬಂಡವಾಳ ಹಾಕುವ ಯೋಜನೆ ಬಂತು. ನೂರಕ್ಕಿಂತ ಹೆಚ್ಚು ಷೇರು ಇಟ್ಟುಕೊಂಡವರ ಮುಕ್ಕಾಲು ಪಾಲು ಷೇರಿಗೆ ಮೂರು ವರ್ಷದ ಬೀಗವೂ ಬಿತ್ತು. ಪೇಟೆಯಲ್ಲಿ ಓಡಾಡುವ ಷೇರೇ ಕಡಿಮೆಯಾಯಿತು. ಮಾರಿದವರು ವಾಪಸ್ ಕೊಳ್ಳಲು ಮುಗಿಬಿದ್ದರು. ಮಾರ್ಚ್ 18ಕ್ಕೆ ಬೆಲೆ 80 ರೂಪಾಯಿ ದಾಟಿತು. ಅದೂ ಇಡೀ ಪೇಟೆ ಕೊರೊನಾ ಭಯಕ್ಕೆ ಕುಸಿಯುತ್ತಿದ್ದ ವಾರದಲ್ಲಿ! ಜುಲೈನಲ್ಲಿ ಅದೇ ಬ್ಯಾಂಕ್ 12 ರೂಪಾಯಿಗೆ ಹೊಸ ಷೇರು ಮಾರಿತು.

ಅಂದರೆ ಒಂದೇ ಷೇರಿನಲ್ಲಿ ಅಗ್ಗ ಎಂದು ಕೊಂಡವರೂ ಕಳೆದುಕೊಂಡರು, ಬೀಳುತ್ತದೆ ಎಂದು ಮಾರಿದವರೂ ಕಳೆದುಕೊಂಡರು. ಒಬ್ಬ ಸೋತರೆ ಎದುರಿನವನು ಗೆಲ್ಲಬೇಕಿತ್ತಲ್ಲ? ಇವೆರಡೂ ಒಂದೇ ನಾಣ್ಯದ ಎರಡು ಮುಖ ಎಂದು ನಾನೂ ಬಹಳ ದಿನ ಅಂದುಕೊಂಡಿದ್ದೆ. ಅಲ್ಲ. ಎರಡೂ ಬೇರೆ ಬೇರೆ ಆಟ. ಕೊಂಡವನು ಸೋಲುವುದು ಕಂಪನಿಯನ್ನು ಸರಿಯಾಗಿ ಓದದೆ. ಮಾರಿದವನು ಕಂಪನಿಯನ್ನು ಸರಿಯಾಗಿ ಓದಿಯೂ ಸೋಲಬಹುದು, ಯಾಕೆಂದರೆ ಅವನ ಹತ್ತಿರ ಸಮಯ ಇರುವುದಿಲ್ಲ.

ಅಗ್ಗ ಅಂದರೆ ಯಾವುದಕ್ಕೆ ಹೋಲಿಸಿ?

ನಿಮ್ಮ ಬೀದಿಯಲ್ಲಿ ಒಂದು ಕಿರಾಣಿ ಅಂಗಡಿ ಇದೆ ಎಂದುಕೊಳ್ಳಿ. ಎಲ್ಲ ಖರ್ಚು ಕಳೆದು ವರ್ಷಕ್ಕೆ 3 ಲಕ್ಷ ಉಳಿಯುತ್ತದೆ. ಮಾಲೀಕ 60 ಲಕ್ಷ ಕೇಳಿದರೆ ನಿಮ್ಮ ಹಣ ವಾಪಸ್ ಬರಲು 20 ವರ್ಷ ಬೇಕು. 24 ಲಕ್ಷಕ್ಕೆ ಕೊಟ್ಟರೆ 8 ವರ್ಷ ಸಾಕು. ಷೇರು ಪೇಟೆಯವರು ಪಿಇ ಅನ್ನುವುದು ಈ 20 ಮತ್ತು 8ಕ್ಕೇ. ಇನ್ನೊಂದು ಲೆಕ್ಕವೂ ಇದೆ. ಅಂಗಡಿಯ ಸಾಮಾನು, ಕಟ್ಟಡ, ಗಲ್ಲಾಪೆಟ್ಟಿಗೆಯ ಹಣ ಎಲ್ಲ ಸೇರಿಸಿ ಅದರಲ್ಲಿ ಸಾಲ ಕಳೆದರೆ ಉಳಿಯುವುದು ಪುಸ್ತಕ ಮೌಲ್ಯ. ಅದಕ್ಕಿಂತ ಕಡಿಮೆಗೆ ಅಂಗಡಿ ಸಿಕ್ಕರೆ ಅಗ್ಗ ಅನ್ನಬಹುದು.

ಇಲ್ಲಿ ನೆನಪಿಡಬೇಕಾದದ್ದು ಇಷ್ಟು. ಈ ಎರಡೂ ಲೆಕ್ಕದಲ್ಲಿ ಅಂಗಡಿಯ ನಿನ್ನೆಯ ಬೆಲೆ ಎಲ್ಲೂ ಬರುವುದಿಲ್ಲ. ಆದರೆ ಪೇಟೆ ಬೀಳುವಾಗ ನಾವು ನೋಡುವುದು ಅದೊಂದನ್ನೇ. 400 ಇದ್ದದ್ದು 200 ಆಗಿದೆ, ಹಾಗಾಗಿ ಅಗ್ಗ. ಇದು ಸೀರೆ ಅಂಗಡಿಯ ಆಷಾಢ ಸೇಲ್ ಲೆಕ್ಕ. ಶೇ 90 ಬಿದ್ದ ಷೇರು ಅಂದರೆ ಏನು? ಮೊದಲು ಶೇ 80 ಬಿದ್ದು, ಆಮೇಲೆ ಮತ್ತೆ ಅರ್ಧ ಆದ ಷೇರು. ಶೇ 80 ಬಿದ್ದಾಗ ಇನ್ನೆಷ್ಟು ಬಿದ್ದೀತು ಎಂದು ಕೊಂಡವನ ಹಣವೂ ಅರ್ಧ ಆಗಿರುತ್ತದೆ.

ಹಾಗಾದರೆ ಪೇಟೆ ಕುಸಿದಾಗ ನಿಜವಾಗಿ ಅಗ್ಗವಾದ ಷೇರು ಸಿಗುವುದೇ ಇಲ್ಲವೇ? ಸಿಗುತ್ತದೆ. ಅದಕ್ಕೆ ಕಾರಣ ಗೊತ್ತಿದ್ದರೆ ಹುಡುಕುವುದು ಸುಲಭ. 2020ರ ಜನವರಿಯಲ್ಲಿ ಮುಂಬೈ ಷೇರು ಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 42 ಸಾವಿರ ದಾಟಿತ್ತು. ಮಾರ್ಚ್ 23ರಂದು ಒಂದೇ ದಿನ 3,935 ಅಂಶ ಬಿದ್ದು 25,981ಕ್ಕೆ ನಿಂತಿತು. ಶೇ 13ಕ್ಕೂ ಜಾಸ್ತಿ. ಬೆಳಿಗ್ಗೆ ಶೇ 10 ಬೀಳುತ್ತಿದ್ದಂತೆ ವಹಿವಾಟನ್ನು 45 ನಿಮಿಷ ನಿಲ್ಲಿಸಿದ್ದರು. ಆ ಒಂದು ತಿಂಗಳಲ್ಲಿ ವಿದೇಶಿ ಹೂಡಿಕೆದಾರರು ನಮ್ಮ ಷೇರು ಪೇಟೆಯಿಂದ 60 ಸಾವಿರ ಕೋಟಿಗೂ ಹೆಚ್ಚು ಹಣ ತೆಗೆದರು. ಅವರು ಮಾರಿದ್ದು ಸೋಪು, ಬಿಸ್ಕತ್ತು, ಔಷಧ ಮಾಡುವ ಕಂಪನಿಗಳು ರಾತ್ರೋರಾತ್ರಿ ಕೆಟ್ಟವು ಎಂದಲ್ಲ. ಅವರಿಗೆ ನಗದು ಬೇಕಿತ್ತು. ಮನೆಯಲ್ಲಿ ಆಸ್ಪತ್ರೆ ಖರ್ಚು ಬಂದರೆ ಒಳ್ಳೆಯ ಗದ್ದೆಯನ್ನೂ ಕಡಿಮೆಗೆ ಕೊಡುತ್ತಾರಲ್ಲ, ಹಾಗೆ. ಸಾಲ ಮಾಡಿ ಷೇರು ಕೊಂಡಿದ್ದವರ ಕಥೆ ಇನ್ನೂ ಕಷ್ಟ. ಬೆಲೆ ಇಳಿದಾಗ ಬ್ರೋಕರ್ ಹೆಚ್ಚಿನ ಹಣ ಕೇಳುತ್ತಾನೆ. ಕೊಡದಿದ್ದರೆ ಅವನೇ ಮಾರಿಬಿಡುತ್ತಾನೆ. ಆ ಮಾರಾಟದಿಂದ ಬೆಲೆ ಇನ್ನೂ ಇಳಿದು ಇನ್ನೊಬ್ಬನಿಗೆ ಫೋನ್ ಹೋಗುತ್ತದೆ.

ಬೇರೆ ದಾರಿ ಇಲ್ಲದೆ ಮಾರುವವನು ಎದುರಿಗಿದ್ದಾಗ ಕೊಳ್ಳುವವನಿಗೆ ಲಾಭ. ಕಂಪನಿಯ ಕೆಟ್ಟ ಸುದ್ದಿ ಗೊತ್ತಾಗಿ ಮಾರುವವನು ಎದುರಿಗಿದ್ದರೆ ಹಾಗಲ್ಲ. ಬಿದ್ದ ಷೇರು ನೋಡಿದ ತಕ್ಷಣ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ ಇದೇ. ಇದು ಎಲ್ಲರ ಜೊತೆ ಬಿದ್ದಿದೆಯೋ, ಒಂಟಿಯಾಗಿ ಬಿದ್ದಿದೆಯೋ?

ಮಂಗಳೂರಿನ ಕರ್ಣಾಟಕ ಬ್ಯಾಂಕನ್ನೇ ತೆಗೆದುಕೊಳ್ಳಿ. 1924ರಲ್ಲಿ ಶುರುವಾದ ಬ್ಯಾಂಕು. 2020ರ ಮಾರ್ಚ್ ಕೊನೆಗೆ ಅದರ ಒಂದು ಷೇರಿನ ಪುಸ್ತಕ ಮೌಲ್ಯ 180 ರೂಪಾಯಿ ಆಸುಪಾಸು. ಪೇಟೆಯಲ್ಲಿ ಅದು ಸಿಗುತ್ತಿದ್ದದ್ದು 50 ರೂಪಾಯಿ ಒಳಗೆ. ಸಾಲ ತೆಗೆದುಕೊಂಡವರು ಕಂತು ಕಟ್ಟುತ್ತಾರೋ ಇಲ್ಲವೋ ಎಂಬ ಭಯ ಎಲ್ಲ ಬ್ಯಾಂಕುಗಳನ್ನೂ ಹಿಡಿದಿತ್ತು. 2023ರಲ್ಲಿ ಅದೇ ಷೇರು 200 ದಾಟಿತು. ಈಗ ಕೇಳಿದರೆ ಆಹಾ ಅನಿಸುತ್ತದೆ. ಆದರೆ ಅದಕ್ಕೂ ಮೊದಲು ಕೆಲವು ವರ್ಷ ಅದು ಪುಸ್ತಕ ಮೌಲ್ಯಕ್ಕಿಂತ ಕಡಿಮೆಗೇ ಸಿಗುತ್ತಿತ್ತು. ಆಗ ಅಗ್ಗ ಎಂದು ಕೊಂಡವರು ಅದು ಇನ್ನೂ ಅಗ್ಗ ಆಗುವುದನ್ನು ಸುಮ್ನೆ ಕೂತು ನೋಡಿದರು. 50ರೊಳಗೆ ಕೊಂಡವರೂ ಕಾಯಬೇಕಾಯಿತು. ವಾರ, ತಿಂಗಳು ಅಲ್ಲ, ವರ್ಷಗಟ್ಟಲೆ. ಆದರೆ ಕಾಯಲು ಅವರು ಯಾರಿಗೂ ಬಾಡಿಗೆ ಕಟ್ಟಬೇಕಿರಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಅಗ್ಗದ ಹೆಸರಿನಲ್ಲಿ ಬರುವ ಬಲೆಗಳು. ಒಂದು, ಪುಸ್ತಕವೇ ಸುಳ್ಳಿರಬಹುದು. ಸತ್ಯಂ ಕಂಪ್ಯೂಟರ್ಸ್ ತನ್ನ ಬಳಿ 5 ಸಾವಿರ ಕೋಟಿಗೂ ಹೆಚ್ಚು ನಗದು ಇದೆ ಎಂದು ಲೆಕ್ಕ ತೋರಿಸುತ್ತಿತ್ತು. ಆ ಹಣದ ಪಕ್ಕ ಇಟ್ಟು ನೋಡಿದರೆ ಷೇರು ಅಗ್ಗ ಎಂದೇ ಕಾಣುತ್ತಿತ್ತು. 2009ರ ಜನವರಿ 7ರಂದು ಕಂಪನಿಯ ಮುಖ್ಯಸ್ಥ ರಾಮಲಿಂಗ ರಾಜು ಪತ್ರ ಬರೆದು ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಷೇರು ಒಂದೇ ದಿನ ಶೇ 77ಕ್ಕೂ ಹೆಚ್ಚು ಬಿತ್ತು.

ಎರಡನೆಯದು ಸೂಕ್ಷ್ಮ. ಸಕ್ಕರೆ, ಉಕ್ಕು, ಸಿಮೆಂಟ್ ಥರದ ಉದ್ಯಮಗಳ ಲಾಭ ಅಲೆ ಥರ ಏರಿಳಿಯುತ್ತದೆ. ಬೆಳಗಾವಿ, ಬಾಗಲಕೋಟೆ ಕಡೆಯವರಿಗೆ ಸಕ್ಕರೆ ಕಾರ್ಖಾನೆಯ ಒಳ್ಳೆಯ ವರ್ಷ, ಕೆಟ್ಟ ವರ್ಷ ಹೇಳಿಕೊಡಬೇಕಾಗಿಲ್ಲ. ಸಕ್ಕರೆ ಬೆಲೆ ತುದಿಯಲ್ಲಿದ್ದಾಗ ಕಂಪನಿಯ ಲಾಭವೂ ತುದಿಯಲ್ಲಿರುತ್ತದೆ. ಆಗ ಪಿಇ 4 ಅಥವಾ 5 ಇರಬಹುದು. ನೋಡಲು ತುಂಬಾ ಅಗ್ಗ, ಆದರೆ ಮಾರಿ ಹೊರಡಬೇಕಾದ ಸಮಯ ಅದೇ. ಲಾಭವೇ ಇಲ್ಲದ ವರ್ಷ ಪಿಇ ಲೆಕ್ಕ ಹಾಕಲೂ ಆಗುವುದಿಲ್ಲ, ನೋಡಲು ದುಬಾರಿ. ಈ ಉದ್ಯಮ ಬಲ್ಲವರು ಕೊಳ್ಳುವುದು ಆಗ.

ಮೂರನೆಯದು ಸಾಲ. ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಸಾಲ ಇಲ್ಲದ ಕಂಪನಿ ಕೆಟ್ಟ ಎರಡು ವರ್ಷ ಹಲ್ಲು ಕಚ್ಚಿ ಕೂರಬಹುದು. ಸಾಲ ಇರುವ ಕಂಪನಿಗೆ ಆ ಎರಡು ವರ್ಷ ಸಿಗುವುದೇ ಇಲ್ಲ. 2008ರ ಜನವರಿಯಲ್ಲಿ ಸೆನ್ಸೆಕ್ಸ್ 21 ಸಾವಿರ ಮುಟ್ಟಿತ್ತು. ಕುಸಿದು, ಎದ್ದು, 2010ರ ನವೆಂಬರ್‌ನಲ್ಲಿ ಮತ್ತೆ 21 ಸಾವಿರಕ್ಕೆ ಬಂತು. ಆದರೆ ಸಾಲದ ಮೇಲೆ ನಿಂತಿದ್ದ ರಿಯಲ್ ಎಸ್ಟೇಟ್ ಕಂಪನಿ ಯುನಿಟೆಕ್ ಬರಲಿಲ್ಲ. 2008ರ ಶುರುವಿನಲ್ಲಿ 500 ರೂಪಾಯಿ ದಾಟಿದ್ದ ಆ ಷೇರು ಆಮೇಲೆ ಒಂದಂಕಿಗೆ ಇಳಿಯಿತು. ಪೇಟೆ ಮೇಲೆ ಬಂದೇ ಬರುತ್ತದೆ ಎನ್ನುವ ಮಾತು ಸೂಚ್ಯಂಕಕ್ಕೆ ನಿಜ, ಒಂಟಿ ಷೇರಿಗೆ ಅಲ್ಲ. ಸೂಚ್ಯಂಕ ಸೋತವರನ್ನು ಹೊರಗೆ ಹಾಕಿ ಹೊಸಬರನ್ನು ಸೇರಿಸಿಕೊಳ್ಳುತ್ತದೆ. ನಿಮ್ಮ ಷೇರು ಇರುವ ಡಿಮ್ಯಾಟ್ ಖಾತೆ ಹಾಗೆ ಮಾಡುವುದಿಲ್ಲ.

ಕಂಪನಿಯ ಸಾಲ ಎಷ್ಟು, ಮಾಲೀಕರು ತಮ್ಮ ಷೇರನ್ನು ಅಡ ಇಟ್ಟಿದ್ದಾರಾ ಎಂಬುದೆಲ್ಲ ಷೇರು ವಿನಿಮಯ ಕೇಂದ್ರದ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ಲೆಕ್ಕ ಪರಿಶೋಧಕರು ನಡುವಿನಲ್ಲಿ ರಾಜೀನಾಮೆ ಕೊಟ್ಟಿದ್ದರೆ ನಾನು ಮುಂದೆ ಓದುವುದೇ ಇಲ್ಲ.

ಅಡಿಕೆ ಸಾಲ ತಂದು ಮಾರುವುದು

ಈಗ ಇನ್ನೊಂದು ದಾರಿ. ಶಾರ್ಟ್ ಸೆಲ್ಲಿಂಗ್ ಅಂದ ಕೂಡಲೇ ಇಲ್ಲದ್ದನ್ನು ಮಾರುವುದು ಹೇಗೆ ಎಂದು ತಲೆ ಕೆಡುತ್ತದೆ. ಶಿರಸಿಯ ಅಡಿಕೆ ಇಟ್ಟುಕೊಂಡು ಹೇಳುತ್ತೇನೆ.

ಪಕ್ಕದ ಮನೆಯವರು ಅಟ್ಟದ ಮೇಲೆ ಅಡಿಕೆ ಇಟ್ಟಿದ್ದಾರೆ. ಇವತ್ತಿನ ಧಾರಣೆ ಕ್ವಿಂಟಾಲಿಗೆ 50 ಸಾವಿರ ಎಂದಿಟ್ಟುಕೊಳ್ಳಿ. ಇನ್ನೆರಡು ತಿಂಗಳಲ್ಲಿ ಇಳಿಯುತ್ತದೆ ಎಂದು ನಿಮಗೆ ಅನಿಸಿದೆ. ಅವರ ಹತ್ತಿರ ಹೋಗಿ, ಒಂದು ಕ್ವಿಂಟಾಲ್ ಕೊಡಿ, ಎರಡು ತಿಂಗಳಿಗೆ ಅಷ್ಟೇ ಅಡಿಕೆ ವಾಪಸ್ ಕೊಡುತ್ತೇನೆ, ಮೇಲೆ ಸ್ವಲ್ಪ ಬಾಡಿಗೆ ಕೊಡುತ್ತೇನೆ ಅನ್ನುತ್ತೀರಿ. ತಂದ ಅಡಿಕೆಯನ್ನು ಇವತ್ತೇ 50 ಸಾವಿರಕ್ಕೆ ಮಾರುತ್ತೀರಿ. ಧಾರಣೆ 40 ಸಾವಿರಕ್ಕೆ ಇಳಿದರೆ ಅಷ್ಟಕ್ಕೆ ಕೊಂಡು ವಾಪಸ್ ಕೊಡುತ್ತೀರಿ. 10 ಸಾವಿರ ನಿಮ್ಮದು, ಬಾಡಿಗೆ ಕಳೆದು. ಧಾರಣೆ 80 ಸಾವಿರಕ್ಕೆ ಏರಿದರೆ? ಆಗಲೂ ಕೊಂಡೇ ಕೊಡಬೇಕು. ಅವರಿಗೆ ಬೇಕಿರುವುದು ಅಡಿಕೆ, ನಿಮ್ಮ 50 ಸಾವಿರ ಅಲ್ಲ.

ಇದಿಷ್ಟೇ ಶಾರ್ಟ್ ಸೆಲ್ಲಿಂಗ್. ಮೊದಲು ಮಾರಾಟ, ಆಮೇಲೆ ಖರೀದಿ. ದಲಾಲ್ ಸ್ಟ್ರೀಟ್‌ನಲ್ಲಿ ಇದನ್ನು ಮಾಡುವವರನ್ನು ಮಂದಿಯವರು ಎನ್ನುತ್ತಾರೆ. ತೇಜಿ ಅಂದರೆ ಏರಿಕೆ, ಮಂದಿ ಅಂದರೆ ಇಳಿಕೆ. ಕನ್ನಡದಲ್ಲಿ ಮಂದಿ ಅಂದರೆ ಜನ. ನಮ್ಮ ಪತ್ರಿಕೆಗಳು ಏರಿಕೆಯವರನ್ನು ಗೂಳಿ, ಇಳಿಕೆಯವರನ್ನು ಕರಡಿ ಎಂದು ಬರೆದು ಈ ಗೊಂದಲ ತಪ್ಪಿಸಿವೆ.

ನಮ್ಮಲ್ಲಿ ಸಾಮಾನ್ಯ ಹೂಡಿಕೆದಾರನಿಗೆ ಕರಡಿಯಾಗಲು ನಾಲ್ಕು ದಾರಿ ಇವೆ. ಅಡಿಕೆ ಸಾಲಕ್ಕೆ ತೀರಾ ಹತ್ತಿರ ಇರುವುದು ಎಸ್‌ಎಲ್‌ಬಿ, ಅಂದರೆ ಷೇರು ಸಾಲದ ಪೇಟೆ. 2008ರಲ್ಲೇ ಶುರುವಾಯಿತು. ಷೇರು ಇರುವವರು ಬಾಡಿಗೆಗೆ ಕೊಡುತ್ತಾರೆ, ಬೇಕಾದವರು ತಂದು ಮಾರುತ್ತಾರೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ವಹಿವಾಟು ತೀರಾ ಕಡಿಮೆ. ಬೇಕಾದ ಷೇರು ಬೇಕಾದಾಗ ಸಿಗುವುದು ಅಪರೂಪ.

ಹೆಚ್ಚು ಜನ ಮಾಡುವುದು ಇಂಟ್ರಾಡೇ. ಬೆಳಿಗ್ಗೆ ಮಾರಿ ಸಂಜೆ ಮೂರೂವರೆಯೊಳಗೆ ಕೊಳ್ಳಬೇಕು. ರಾತ್ರಿ ಇಟ್ಟುಕೊಳ್ಳುವಂತಿಲ್ಲ. ಕೈಯಲ್ಲಿ ಷೇರೂ ಇಲ್ಲದೆ, ಸಾಲವನ್ನೂ ತರದೆ, ಕೊಡಬೇಕಾದ ದಿನ ಕೈ ಎತ್ತುವುದಕ್ಕೆ ನಮ್ಮಲ್ಲಿ ಅವಕಾಶ ಇಲ್ಲ. ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಈ ಮಾತನ್ನು 2007ರಲ್ಲೇ ಹೇಳಿತ್ತು, 2024ರ ಜನವರಿಯಲ್ಲಿ ಮತ್ತೆ ಹೇಳಿತು.

ಕೊಡದಿದ್ದರೆ ಏನಾಗುತ್ತದೆ ಎಂದು ನನಗೆ ಅನುಭವದಿಂದ ಗೊತ್ತು. ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಕಂಪನಿಯ ಷೇರನ್ನು, ಜಾಸ್ತಿ ಏರಿದೆ, ಮಧ್ಯಾಹ್ನಕ್ಕೆ ಇಳಿಯುತ್ತದೆ ಎಂದು ಮಾರಿದ್ದೆ. ಊಟ ಮಾಡಿ ಬರುವಷ್ಟರಲ್ಲಿ ಅದು ಅಪ್ಪರ್ ಸರ್ಕ್ಯೂಟ್ ಮುಟ್ಟಿತ್ತು. ಅಂದರೆ ಆ ದಿನ ಏರಬಹುದಾದ ಗರಿಷ್ಠ ಮಿತಿ. ಅಲ್ಲಿ ಕೊಳ್ಳುವವರ ಸಾಲು ಇರುತ್ತದೆ, ಮಾರುವವರು ಒಬ್ಬರೂ ಇರುವುದಿಲ್ಲ. ನಾನೂ ಸಾಲಿನ ಕೊನೆಯಲ್ಲಿ ನಿಂತೆ. ಮೂರೂವರೆ ಆಯಿತು. ಷೇರು ಸಿಗಲಿಲ್ಲ. ಇಂಥ ಸಂದರ್ಭದಲ್ಲಿ ವಿನಿಮಯ ಕೇಂದ್ರವೇ ಹರಾಜು ಕರೆದು ಷೇರು ತರುತ್ತದೆ. ಅಲ್ಲಿ ಯಾವ ಬೆಲೆಗೆ ಸಿಗುತ್ತದೋ ಅದನ್ನು ನಾವು ಕಟ್ಟಬೇಕು. ಹರಾಜಿನಲ್ಲೂ ಸಿಗದಿದ್ದರೆ ಮುಕ್ತಾಯದ ಬೆಲೆಗೆ ಶೇ 20 ಸೇರಿಸಿಯೋ, ಆ ದಿನಗಳ ಅತಿ ಹೆಚ್ಚಿನ ಬೆಲೆ ಹಿಡಿದೋ, ಯಾವುದು ಜಾಸ್ತಿಯೋ ಅದನ್ನು ವಸೂಲಿ ಮಾಡುತ್ತಾರೆ. ನಾನು ಆಸೆ ಪಟ್ಟಿದ್ದು ಎರಡು ಸಾವಿರ ರೂಪಾಯಿ ಲಾಭಕ್ಕೆ. ಹೋದದ್ದು ಎಷ್ಟು ಎಂದು ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಮೂರನೇ ದಾರಿ ಫ್ಯೂಚರ್ಸ್, ಅಂದರೆ ಮುಂದಿನ ಒಂದು ದಿನಾಂಕದ ವ್ಯವಹಾರಕ್ಕೆ ಇವತ್ತೇ ಬೆಲೆ ಕಟ್ಟುವ ಒಪ್ಪಂದ. ಆಯ್ದ ಕಂಪನಿಗಳ ಷೇರು ಮತ್ತು ನಿಫ್ಟಿ ಥರದ ಸೂಚ್ಯಂಕಗಳಿಗೆ ಮಾತ್ರ ಇದೆ. ರಾತ್ರಿ ಇಟ್ಟುಕೊಳ್ಳಬಹುದು. ಆದರೆ ಒಂದೊಂದಾಗಿ ಮಾರುವಂತಿಲ್ಲ, ಲಾಟ್, ಅಂದರೆ ಇಂತಿಷ್ಟು ಷೇರಿನ ಕಟ್ಟಿನ ಲೆಕ್ಕದಲ್ಲೇ ಮಾರಬೇಕು. 500 ರೂಪಾಯಿಯ ಷೇರು, ಸಾವಿರದ ಲಾಟ್ ಅಂದರೆ 5 ಲಕ್ಷದ ವ್ಯವಹಾರ. ಕೈಯಿಂದ ಒಂದು ಲಕ್ಷದಷ್ಟು ಇಟ್ಟರೆ ಸಾಕಾಗಬಹುದು. ಸಾಕು ಎನಿಸುವುದೇ ಅಪಾಯ. ಷೇರು ಶೇ 10 ಏರಿದರೆ ಆ ಸಂಜೆಯೇ 50 ಸಾವಿರ ನಿಮ್ಮ ಖಾತೆಯಿಂದ ಹೋಗುತ್ತದೆ. ನಾಳೆ ಇಳಿದೀತು ಎನ್ನುವ ಸಮಾಧಾನ ಬ್ರೋಕರ್ ಕೇಳುವುದಿಲ್ಲ. ಅವನಿಗೆ ಹಣ ಇವತ್ತೇ ಬೇಕು.

ಕೊನೆಯದು ಪುಟ್ ಆಪ್ಷನ್. ಇದು ವಿಮೆ ಇದ್ದಂತೆ. ಷೇರು 500 ಇದೆ. 480ಕ್ಕೆ ಮಾರುವ ಹಕ್ಕನ್ನು ನೀವು 12 ರೂಪಾಯಿ ಕೊಟ್ಟು ಕೊಂಡಿರಿ. ನಷ್ಟ ಆದರೆ 12 ರೂಪಾಯಿ ಅಷ್ಟೇ, ಅದಕ್ಕೇ ಎಲ್ಲರಿಗೂ ಇದು ಇಷ್ಟ. ಗಡುವಿನ ದಿನ ಷೇರು 470 ಆಯಿತು. ನೀವು ಹೇಳಿದಂತೆ ಬಿತ್ತು! ಹಕ್ಕಿನ ಬೆಲೆ 10 ರೂಪಾಯಿ. ನೀವು ಕೊಟ್ಟದ್ದು 12. ದಿಕ್ಕು ಸರಿ ಹೇಳಿಯೂ ನಷ್ಟ. ಪೇಟೆ ಬೀಳಲು ಶುರುವಾದ ಮೇಲಂತೂ ಈ ವಿಮೆಯ ಕಂತು ವಿಪರೀತ ಏರುತ್ತದೆ. ಪಕ್ಕದ ಮನೆಗೆ ಬೆಂಕಿ ಬಿದ್ದ ಮೇಲೆ ಯಾವ ಕಂಪನಿ ಕಡಿಮೆ ಕಂತಿಗೆ ವಿಮೆ ಕೊಡುತ್ತದೆ? ಪೇಟೆಯ ಭಯ ಅಳೆಯುವ ಇಂಡಿಯಾ ವಿಕ್ಸ್ ಅನ್ನುವ ಸೂಚ್ಯಂಕ 2020ರ ಮಾರ್ಚ್‌ನಲ್ಲಿ 80 ದಾಟಿತ್ತು. ಸಾಮಾನ್ಯ ದಿನಗಳಲ್ಲಿ ಅದು ಇಪ್ಪತ್ತರ ಒಳಗೇ ಇರುತ್ತದೆ. ಆ ಹೊತ್ತಿಗೆ ಪುಟ್ ಕೊಂಡವರು ಕುಸಿತವನ್ನೇ ದುಬಾರಿ ಬೆಲೆಗೆ ಕೊಂಡಂತೆ.

ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಒಂದು ಲೆಕ್ಕ ಕೊಟ್ಟಿತು. ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಬಿಡಿ ವ್ಯಕ್ತಿಗಳಲ್ಲಿ ಶೇ 93 ಮಂದಿಗೆ ನಷ್ಟ. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಹೆಚ್ಚು. ಇಂಟ್ರಾಡೇ ಮಾಡುವವರಲ್ಲಿ 2022-23ರಲ್ಲಿ ಹತ್ತರಲ್ಲಿ ಏಳು ಮಂದಿ ಸೋತಿದ್ದರು. ಇವರೆಲ್ಲ ಕರಡಿಗಳಲ್ಲ, ಏರುತ್ತದೆ ಎಂದು ಆಡಿದವರೂ ಇದ್ದಾರೆ. ಆದರೆ ಶಾರ್ಟ್ ಮಾಡಬೇಕೆಂದರೆ ಕಾಲಿಡಬೇಕಾದದ್ದು ಇದೇ ಕೋಣೆಗೆ.

ತಕ್ಕಡಿ ಸಮ ಇಲ್ಲ

100 ರೂಪಾಯಿಗೆ ಕೊಂಡ ಷೇರಿನಲ್ಲಿ ಹೋಗಬಹುದಾದದ್ದು 100 ರೂಪಾಯಿ. ಬರಬಹುದಾದದ್ದಕ್ಕೆ ಮಿತಿ ಇಲ್ಲ. 100 ರೂಪಾಯಿಗೆ ಶಾರ್ಟ್ ಮಾಡಿದ ಷೇರಿನಲ್ಲಿ ಬರಬಹುದಾದದ್ದು ಹೆಚ್ಚೆಂದರೆ 100, ಹೋಗುವುದಕ್ಕೆ ಮಿತಿ ಇಲ್ಲ. ಇದನ್ನು ಎಲ್ಲರೂ ಹೇಳುತ್ತಾರೆ. ಎಲ್ಲರೂ ಹೇಳದ ಇನ್ನೊಂದಿದೆ. ನಿಮ್ಮ ಹಣದ ಹತ್ತನೇ ಒಂದು ಭಾಗ ಒಂದು ಷೇರಿಗೆ ಹಾಕಿದಿರಿ, ಅದು ಅರ್ಧ ಆಯಿತು. ತಪ್ಪು ಮಾಡಿದಿರಿ. ಆದರೆ ಆ ತಪ್ಪಿನ ಗಾತ್ರವೂ ಈಗ ಅರ್ಧ. ಮನೆಯ ಮೂಲೆಯಲ್ಲಿ ಬಿದ್ದಿರಲಿ ಬಿಡಿ. ಅಷ್ಟೇ ಹಣಕ್ಕೆ ಶಾರ್ಟ್ ಮಾಡಿದ ಷೇರು ಎರಡು ಪಟ್ಟಾದರೆ ತಪ್ಪಿನ ಗಾತ್ರವೂ ಎರಡು ಪಟ್ಟಾಗುತ್ತದೆ. ಕೊಂಡವನ ತಪ್ಪು ಸವೆಯುತ್ತಾ ಹೋಗುತ್ತದೆ, ಮಾರಿದವನ ತಪ್ಪು ಬೆಳೆಯುತ್ತಾ ಹೋಗುತ್ತದೆ. ಜೊತೆಗೆ ಬಾಡಿಗೆ, ಗಡುವು, ದಿನದಿನದ ವಸೂಲಿ. ನಡುವೆ ಕಂಪನಿ ಡಿವಿಡೆಂಡ್, ಅಂದರೆ ಲಾಭಾಂಶ ಕೊಟ್ಟರೆ ಅದನ್ನೂ ಷೇರು ಸಾಲ ತಂದವನೇ ತುಂಬಿಕೊಡಬೇಕು.

ಬೀಳುವ ಪೇಟೆಯಲ್ಲಾದರೂ ಕರಡಿಗೆ ಸುಖ ಇರಬೇಕಲ್ಲ? ವಿಚಿತ್ರ ಎಂದರೆ ಪೇಟೆಯ ಅತಿ ದೊಡ್ಡ ಜಿಗಿತಗಳು ಬರುವುದು ಇಂಥ ದಿನಗಳಲ್ಲೇ. 2020ರ ಮಾರ್ಚ್ 25ರಂದು, ಲಾಕ್‌ಡೌನ್‌ನ ಮೊದಲ ದಿನ, ಸೆನ್ಸೆಕ್ಸ್ ಸುಮಾರು ಶೇ 7 ಏರಿತು. ಏಪ್ರಿಲ್ 7ರಂದು 2,476 ಅಂಶ. ಆ ಎರಡೂ ದಿನ ಕೊರೊನಾ ಭಯ ಇನ್ನೂ ಹೋಗಿರಲಿಲ್ಲ. 2024ರ ಜೂನ್ 4ರಂದು ಲೋಕಸಭೆ ಫಲಿತಾಂಶ ನೋಡಿ 4,390 ಅಂಶ ಬಿದ್ದ ಪೇಟೆ, ಮೂರೇ ದಿನದಲ್ಲಿ ಹೊಸ ದಾಖಲೆಯ ಎತ್ತರದಲ್ಲಿತ್ತು. 4ರ ಮಧ್ಯಾಹ್ನ ಇನ್ನೂ ಬೀಳುತ್ತದೆ ಎಂದು ಮಾರಿದವರಿಗೆ 7ರ ಹೊತ್ತಿಗೆ ಏನು ಉಳಿದಿತ್ತು?

ಈ ಜಿಗಿತಗಳಿಗೆ ಇಂಧನ ಕರಡಿಗಳೇ. ಮಾರಿದವನು ಒಂದಲ್ಲ ಒಂದು ದಿನ ಕೊಳ್ಳಲೇಬೇಕು. ಬೆಲೆ ಸ್ವಲ್ಪ ಏರಿದರೆ ಒಬ್ಬ ಹೆದರಿ ಕೊಳ್ಳುತ್ತಾನೆ, ಅದರಿಂದ ಇನ್ನಷ್ಟು ಏರುತ್ತದೆ, ಇನ್ನಿಬ್ಬರು ಹೆದರುತ್ತಾರೆ. ಯೆಸ್ ಬ್ಯಾಂಕ್‌ನಲ್ಲಿ ಆದದ್ದು ಇದು.

ನಮ್ಮ ಪೇಟೆಯಲ್ಲಿ ಇದರ ದೊಡ್ಡ ಕಥೆ 1982ರದ್ದು. ಆ ವರ್ಷ ಮಾರ್ಚ್ 18ರಂದು ಕಲ್ಕತ್ತದ ಕರಡಿಗಳ ಒಂದು ಗುಂಪು ಮುಂಬೈ ಪೇಟೆಯಲ್ಲಿ ರಿಲಯನ್ಸ್ ಷೇರನ್ನು ರಾಶಿ ರಾಶಿ ಮಾರಲು ಶುರು ಮಾಡಿತು. ಅವರ ಹತ್ತಿರ ಷೇರು ಇರಲಿಲ್ಲ. ಆಗ ಬದ್ಲಾ ಪದ್ಧತಿ ಇತ್ತು. ಸ್ವಲ್ಪ ಹಣ ಕಟ್ಟಿ ಲೆಕ್ಕ ಚುಕ್ತಾ ಮಾಡುವುದನ್ನು ಮುಂದೆ ಮುಂದೆ ಹಾಕಬಹುದಿತ್ತು. ಬೆಲೆ ಕುಸಿಯುತ್ತದೆ, ಆಮೇಲೆ ಕಡಿಮೆಗೆ ಕೊಂಡು ಕೊಟ್ಟರಾಯಿತು ಎಂದು ಅವರ ಎಣಿಕೆ. ಆದರೆ ಮಾರಿದ್ದನ್ನೆಲ್ಲ ಧೀರೂಭಾಯಿ ಅಂಬಾನಿಯ ಸ್ನೇಹಿತ ಬ್ರೋಕರ್‌ಗಳು ಕೊಳ್ಳುತ್ತಾ ಹೋದರು. ಏಪ್ರಿಲ್ 30ರಂದು ಅವರು ಒಂದೇ ಮಾತು ಹೇಳಿದರು. ಷೇರು ಕೊಡಿ. ಮುಂದೆ ಹಾಕಬೇಕಾದರೆ ಪ್ರತಿ ಷೇರಿಗೂ ದಂಡ ಕಟ್ಟಿ. ಮುಂಬೈ ಷೇರು ಪೇಟೆ ಮೂರು ದಿನ ಬಾಗಿಲು ಹಾಕಬೇಕಾಯಿತು. ಕರಡಿಗಳು ಸಿಕ್ಕಸಿಕ್ಕ ಕಡೆ, ಸಿಕ್ಕಸಿಕ್ಕ ಬೆಲೆಗೆ ರಿಲಯನ್ಸ್ ಷೇರು ಹುಡುಕುತ್ತಾ ಓಡಾಡಿದರು. ಕಂಪನಿ ಒಳ್ಳೆಯದೋ ಕೆಟ್ಟದ್ದೋ ಎಂಬುದು ಆ ಹೊತ್ತಿಗೆ ಯಾರಿಗೂ ಬೇಕಾಗಿರಲಿಲ್ಲ. ಅಟ್ಟದ ಮೇಲಿನ ಅಡಿಕೆಯ ಯಜಮಾನ ಬಾಗಿಲು ತಟ್ಟಿದ್ದ, ಅಷ್ಟೇ.

ಹಾಗೆಂದು ಕರಡಿಗಳನ್ನು ಖಳನಾಯಕರೆಂದು ನಾನು ನೋಡುವುದಿಲ್ಲ. ಪೇಟೆ ಬಿದ್ದಾಗಲೆಲ್ಲ ಅವರನ್ನು ದೂರುವುದು ಹಳೆಯ ಚಟ. ಬ್ರೋಕರ್ ಕೇತನ್ ಪಾರೇಖ್ ಹಗರಣದಲ್ಲಿ ಪೇಟೆ ಕುಸಿದಾಗ, 2001ರ ಮಾರ್ಚ್‌ನಲ್ಲಿ, ಸೆಬಿ ಶಾರ್ಟ್ ಸೆಲ್ಲಿಂಗ್ ನಿಷೇಧಿಸಿತ್ತು. 2020ರಲ್ಲಿ ಪೂರ್ತಿ ನಿಷೇಧಿಸದೆ ಮಿತಿ ಬಿಗಿ ಮಾಡಿತು. ಉಬ್ಬಿದ ಬೆಲೆಯನ್ನು ಪ್ರಶ್ನೆ ಮಾಡಲು ಯಾರಾದರೂ ಇರಬೇಕು. 1992ರಲ್ಲಿ ಬ್ರೋಕರ್ ಹರ್ಷದ್ ಮೆಹ್ತಾ ಬೆಲೆ ಏರಿಸುತ್ತಿದ್ದಾಗ ಎದುರು ನಿಂತು ಮಾರಿದವರಲ್ಲಿ ಹೂಡಿಕೆದಾರ ರಾಕೇಶ್ ಜುಂಜುನ್‌ವಾಲಾ ಕೂಡ ಇದ್ದರು. ಮುಂದೆ ಅವರು ಹೆಸರಾದದ್ದು ಮಾತ್ರ ಷೇರು ಕೊಂಡು ವರ್ಷಗಟ್ಟಲೆ ಇಟ್ಟುಕೊಂಡವರೆಂದು.

ಸಣ್ಣ ಹೂಡಿಕೆದಾರನಿಗೆ ಶಾರ್ಟ್ ಪ್ರಯೋಜನಕ್ಕೆ ಬರುವ ಸಂದರ್ಭ ಒಂದಿದೆ. ಕೈಯಲ್ಲಿ ಒಳ್ಳೆಯ ಷೇರುಗಳಿವೆ, ಮಾರಲು ಮನಸ್ಸಿಲ್ಲ, ಮುಂದಿನ ಒಂದು ತಿಂಗಳು ಭಯ. ಆಗ ನಿಫ್ಟಿಯ ಪುಟ್ ಕೊಂಡು ವಿಮೆ ಮಾಡಿಸಬಹುದು. ಪೇಟೆ ಬೀಳುವ ಮೊದಲು, ಕಂತು ಕಡಿಮೆ ಇದ್ದಾಗ. ವಿಮೆಯ ಕಂತು ವ್ಯರ್ಥವಾದರೆ ಯಾರೂ ಅಳುವುದಿಲ್ಲ. ಅದನ್ನೇ ಲಾಭದ ದಾರಿ ಎಂದುಕೊಂಡಾಗ ಮಾತ್ರ ಅಳು.

ಅಗ್ಗದ ಷೇರು ಕೊಳ್ಳುವುದಾದರೆ ನಾನು ಮಾಡುವುದು ಸರಳ. ಹಣವನ್ನು ಐದಾರು ಭಾಗ ಮಾಡಿ, ತಿಂಗಳ ಅಂತರ ಇಟ್ಟು ಕೊಳ್ಳುತ್ತೇನೆ. ತಳ ಯಾವುದು ಎಂದು ಗುರುತಿಸಲು ನನಗೆ ಬರುವುದಿಲ್ಲ. ಸಾಲದ ಹಣ ಹಾಕುವುದಿಲ್ಲ. ಬಿದ್ದ ಷೇರನ್ನು ಮತ್ತೆ ಕೊಳ್ಳುವ ಮೊದಲು, ಇದು ನನ್ನ ಬಳಿ ಇಲ್ಲದೇ ಇದ್ದಿದ್ದರೆ ಇವತ್ತು ಹೊಸದಾಗಿ ಕೊಳ್ಳುತ್ತಿದ್ದೆನಾ ಎಂದು ಕೇಳಿಕೊಳ್ಳುತ್ತೇನೆ. ಎಷ್ಟೋ ಸಲ ಉತ್ತರ ಇಲ್ಲ ಎಂದೇ ಬರುತ್ತದೆ.

2009ರ ಮಾರ್ಚ್ 9ರಂದು ಸೆನ್ಸೆಕ್ಸ್ 8,160ರಲ್ಲಿತ್ತು. ಹಿಂದಿನ ವರ್ಷದ ತುದಿಯಿಂದ ಶೇ 60ರಷ್ಟು ಕೆಳಗೆ. ಆ ಹೊತ್ತಿಗೆ ಕೊಂಡವರಿಗೆ ಮುಂದಿನ ಎರಡು ತಿಂಗಳು ಕಾಯುವುದೊಂದೇ ಕೆಲಸ. ಮೇ 16, ಶನಿವಾರ, ಲೋಕಸಭೆ ಚುನಾವಣೆಯ ಫಲಿತಾಂಶ ಬಂತು. ಅತಂತ್ರವಾಗುತ್ತದೆ ಎಂದು ಹಲವರು ಶುಕ್ರವಾರವೇ ಫ್ಯೂಚರ್ಸ್ ಮಾರಿ ಇಟ್ಟುಕೊಂಡಿದ್ದರು. ಆದರೆ ಯುಪಿಎ ಸುಲಭವಾಗಿ ಗೆದ್ದಿತು. ಸೋಮವಾರ ಬೆಳಿಗ್ಗೆ ಪೇಟೆ ತೆರೆದ ಕೂಡಲೇ ಅಪ್ಪರ್ ಸರ್ಕ್ಯೂಟ್. ನಿಲ್ಲಿಸಿ ಮತ್ತೆ ತೆರೆದರು, ಮತ್ತೆ ಸರ್ಕ್ಯೂಟ್, ಆ ದಿನದ ವಹಿವಾಟು ಬಂದ್. ಸೆನ್ಸೆಕ್ಸ್ ಶೇ 17 ಏರಿ 14,284ಕ್ಕೆ ನಿಂತಿತು. ಮಾರಿಟ್ಟುಕೊಂಡವರಿಗೆ ವಾಪಸ್ ಕೊಳ್ಳಲು ಆ ಇಡೀ ದಿನದಲ್ಲಿ ಸಿಕ್ಕಿದ್ದು ಹೆಚ್ಚೂ ಕಡಿಮೆ ಒಂದು ನಿಮಿಷ.